ಗಾಳಿಬೋರೆಯ ಮಡುವಿನ ಬಿಳಿಮೀನು

ಜನವರಿ ಕಳೆಯುವ ಹೊತ್ತಿಗೆ ಕೋಡಿಹಳ್ಳಿಯ ಟಾರು ರಸ್ತೆ ಅರ್ಧಕ್ಕರ್ಧ ಕಣವಾಗಿರುತ್ತದೆ. ಕೊಯ್ದು ತಂದ ರಾಗಿತೆನೆಯನ್ನು ಹುಲ್ಲಿನ ಸಮೇತ ರಸ್ತೆಗೆ ಹರಡಿ, ಎರಡೂ ತುದಿಗೆ ದಪ್ಪ ಕಲ್ಲಿಟ್ಟು, ಹೆಂಗಸರು ತಲೆಗೆ ಸೆರಗು ಸುತ್ತಿಕೊಂಡು ಹೊಂಗೆಯ ನೆರಳಲ್ಲಿ ಕನಕಪುರದ ಬಸ್ಸಿಗೆ ಕಾಯುತ್ತಾರೆ. ಬಸ್ಸು ಹತ್ತುವುದಕ್ಕಲ್ಲ, ಬಸ್ಸು ತೆನೆಯ ಮೇಲೆ ಹಾದುಹೋಗುವುದಕ್ಕೆ. ಗ್ರಾನೈಟ್ ಬಂಡೆ ಹೊತ್ತ ಲಾರಿ ಬಂದರಂತೂ ಇನ್ನೂ ಒಳ್ಳೆಯದು, ನಾಲ್ಕು ಬಸ್ಸಿನ ಕೆಲಸವನ್ನು ಅದೊಂದೇ ಮಾಡಿ ಹೋಗುತ್ತದೆ. ಚಕ್ರ ದಾಟಿದ ಕೂಡಲೇ ಎದ್ದುಬಂದು ಹುಲ್ಲನ್ನು ಮಗುಚಿ ಹಾಕುತ್ತಾರೆ. ಗಾಳಿಯಲ್ಲಿ ಧೂಳು, ಒಣಹುಲ್ಲಿನ ಬಿಸಿ ವಾಸನೆ, ಅದರೊಳಗೆ ಸೊಗಡವರೆಯ ಎಣ್ಣೆಘಾಟು, ಯಾವುದೋ ಮನೆಯ ಹಿತ್ತಲಿಂದ ರೇಷ್ಮೆಹುಳ ಮೇಯ್ದು ಬಿಟ್ಟ ಸೊಪ್ಪಿನ ಹಸಿ ನಾತ. ಹೊಲದಂಚಿನ ಮರಗಳಲ್ಲಿ ಅಟ್ಟಣೆಗಳು ಇನ್ನೂ ಇವೆ. ರಾಗಿ ಮನೆ ಸೇರುವವರೆಗೂ ಇಲ್ಲಿನ ಗಂಡಸರಿಗೆ ಆನೆ ಕಾವಲಿನ ರಾತ್ರಿಗಳು.

ಹೀಗೆ ಬಸ್ಸಿನ ಚಕ್ರಕ್ಕೆ ಸಿಕ್ಕಿ ಉದುರಿದ ರಾಗಿ ಮುದ್ದೆಯಾಗುತ್ತದೆ, ರೊಟ್ಟಿಯಾಗುತ್ತದೆ. ಇದೇ ರಾಗಿಹಿಟ್ಟನ್ನು ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿ, ದಕ್ಷಿಣದ ಕಾಡಿನಾಚೆ ಕಾವೇರಿಯ ಮಡುಗಳಿಂದ ಎದೆಯುದ್ದದ ಮೀನುಗಳನ್ನು ದಡಕ್ಕೆ ತರುತ್ತಿದ್ದ ಕಾಲವೂ ಒಂದಿತ್ತು. ಆ ಮೀನಿಗೆ ಇಂಗ್ಲಿಷಿನವರು ಮಹಶೀರ್ ಎಂದರು. ಹೊಳೆಯಂಚಿನ ಹಳ್ಳಿಗಳಲ್ಲಿ ಅದು ಬಿಳಿಮೀನು.

ಆ ಮಡುಗಳನ್ನು ನೋಡಲು ನಮ್ಮ ಜೊತೆ ಬರುತ್ತಿರುವ ಯಜಮಾನರು ಈ ಹೋಬಳಿಯ ಕಾಡಂಚಿನ ಊರಿನವರು. ಎಪ್ಪತ್ತು ದಾಟಿದೆ. ಮೊಣಕಾಲು ಹಿಡಿದುಕೊಂಡರೂ ನಡಿಗೆ ಬಿಟ್ಟಿಲ್ಲ. ಹೆಗಲಿಗೊಂದು ಟವೆಲ್ಲು, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎಲೆಯಡಿಕೆ ಮತ್ತು ಎರಡು ಸೇರು ರಾಗಿಹಿಟ್ಟು. ವಿದೇಶದಿಂದ ಗಾಳ ಹಾಕಲು ಬರುತ್ತಿದ್ದವರಿಗೆ ಇವರು ವರ್ಷಗಟ್ಟಲೆ ತೆಪ್ಪ ಹಾಕಿದವರು, ಉಂಡೆ ಕಟ್ಟಿಕೊಟ್ಟವರು. ಇಂಗ್ಲಿಷಿನಲ್ಲಿ ಎಡಕ್ಕೆ, ಬಲಕ್ಕೆ, ಬಿಡು, ಎಳಿ ಎನ್ನುವಷ್ಟು ಬರುತ್ತದೆ. ಮೀನಿನ ತೂಕವನ್ನು ಮಾತ್ರ ಇವತ್ತಿಗೂ ಪೌಂಡಿನಲ್ಲೇ ಹೇಳುತ್ತಾರೆ.

ಸಂಗಮದಲ್ಲಿ ಮೊದಲು ಮೂಗಿಗೆ ಬಡಿಯುವುದು ಅರ್ಕಾವತಿ. ಬೇಸಿಗೆಯ ಬಾಗಿಲಲ್ಲಿ ಅದರ ನೀರು ಕಪ್ಪಿಟ್ಟು, ಕಲ್ಲಿನ ಸಂದಿಯಲ್ಲಿ ನೊರೆ ಕಟ್ಟಿ ನಿಂತಿರುತ್ತದೆ. ಬೆಂಗಳೂರು ಕುಡಿಯುವ ಕಾವೇರಿ ನೀರು ಇಲ್ಲಿಗಿಂತ ಮೇಲಿನ ತೊರೆಕಾಡನಹಳ್ಳಿಯಿಂದ ಪಂಪಾಗಿ ಊರು ಸೇರುತ್ತದೆ. ಅಲ್ಲಿನ ಬಚ್ಚಲು, ಕಾರ್ಖಾನೆ ಎಲ್ಲ ತಿರುಗಿಕೊಂಡು ವೃಷಭಾವತಿಗೆ ಇಳಿದು, ಅರ್ಕಾವತಿಗೆ ಸೇರಿ, ಮತ್ತೆ ಇದೇ ಕಾವೇರಿಗೆ ಬಂದು ಬೀಳುತ್ತದೆ. ಎರಡು ನೀರೂ ಕೂಡುವಲ್ಲಿ ಸ್ವಲ್ಪ ದೂರ ಒಂದು ಗೆರೆ ಎಳೆದಂತೆ ಬೇರೆ ಬೇರೆಯಾಗಿಯೇ ಹರಿಯುತ್ತವೆ, ಆಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಮೇಕೆದಾಟು ನೋಡುವವರು ತೆಪ್ಪದಲ್ಲಿ ಅರ್ಕಾವತಿ ದಾಟಿ, ಆಚೆ ದಡದಲ್ಲಿ ಕಾದಿರುವ ಹಳೇ ಬಸ್ಸಿಗೆ ಮುಗಿಬೀಳುತ್ತಾರೆ. ನಮ್ಮ ದಾರಿ ಅತ್ತ ಅಲ್ಲ. ಹೊಳೆಯ ಗುಂಟ ಮೇಲಕ್ಕೆ, ಗಾಳಿಬೋರೆಗೆ, ಹತ್ತು ಕಿಲೊಮೀಟರಿನಷ್ಟು ಮಣ್ಣುಹಾದಿ.

ಇದು ಕಾವೇರಿ ವನ್ಯಜೀವಿಧಾಮ. 1987ರಲ್ಲಿ ಆದದ್ದು, 2013ರಲ್ಲಿ ಸಾವಿರ ಚದರ ಕಿಲೊಮೀಟರಿಗೂ ಮೀರಿ ಹಿಗ್ಗಿದ್ದು. ಮೊದಲೇ ಒಪ್ಪಿಗೆ ಪಡೆದು, ಕಾವಲುಗಾರನೊಬ್ಬನನ್ನು ಮುಂದಿಟ್ಟುಕೊಂಡು ಹೋಗಬೇಕು. ಎಡಗೈಗೆ ಹೊಳೆ, ಬಲಗೈಗೆ ಗುಡ್ಡ. ಗುಡ್ಡದಲ್ಲಿ ಎಲೆ ಉದುರಿಸಿ ನಿಂತ ಕುರುಚಲು, ಕಮರ, ದಿಂಡಿಗ, ಮುಳ್ಳುಪೊದೆ, ಎಲ್ಲ ಬೂದಿಬಣ್ಣ. ಹೊಳೆಯಂಚಿನಲ್ಲಿ ಮಾತ್ರ ಬೇರೆಯೇ ಲೋಕ. ಹೊಳೆಮತ್ತಿಯ ಬೆಳ್ಳನೆ ಕಾಂಡಗಳು ನೀರಿಗೆ ಬಾಗಿವೆ, ಬೇರುಗಳು ಬಂಡೆಯನ್ನು ತಬ್ಬಿಕೊಂಡಿವೆ, ನೇರಳೆ, ಹುಣಸೆ, ಹೊಂಗೆ ಒಂದರ ಮೇಲೊಂದು ನೆರಳು ಚೆಲ್ಲಿವೆ. ಆ ಕೊಂಬೆಗಳ ಮೇಲೆ, ಬಾಲವನ್ನು ಬೆನ್ನಿಗೆ ಮಡಿಚಿಕೊಂಡು ಬೂದುಬಣ್ಣದ ದೊಡ್ಡ ಅಳಿಲೊಂದು ಕಾಯಿ ಬಿಡಿಸುತ್ತ ಕೂತಿದೆ. ಕರ್ನಾಟಕದಲ್ಲಿ ಈ ಅಳಿಲನ್ನು ನೋಡಬೇಕೆಂದರೆ ಇದೇ ಹೊಳೆಯ ಮರಗಳಿಗೆ ಬರಬೇಕು. ದಾರಿಯ ನಡುವೆ ಆನೆ ಲದ್ದಿ. ಕಾವಲುಗಾರ ಕಾಲಿನಿಂದ ಒಡೆದು ನೋಡಿ, ರಾತ್ರಿಯದು ಎಂದು ಮುಂದೆ ನಡೆದ. ಲದ್ದಿಯಲ್ಲಿ ರಾಗಿಹುಲ್ಲು ಇತ್ತು.

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಸದ್ದೇ ಬೇರೆ. ಕಲ್ಲುಹಾಸಿನ ಮೇಲೆ ತೆಳ್ಳಗೆ ಹರಿದಾಗ ಅದು ಗುಸುಗುಸು. ಎರಡು ಬಂಡೆಗಳ ನಡುವೆ ಇಕ್ಕಟ್ಟಾದಾಗ ಒರಲು. ಅಲ್ಲಿಂದ ಜಾರಿ ಮಡುವಿಗೆ ಬಿದ್ದ ಮೇಲೆ ಸದ್ದೇ ಇಲ್ಲ. ಸದ್ದಿಲ್ಲದ ಕಡೆಯೇ ಬಿಳಿಮೀನಿನ ಮನೆ. ಒರಲುವ ನೀರಿನ ಬಾಯಿಯಲ್ಲಿ ಅದು ಮೇಯುತ್ತದೆ, ಮಡುವಿನ ಆಳಕ್ಕೆ ಹೋಗಿ ಸುಧಾರಿಸಿಕೊಳ್ಳುತ್ತದೆ. ಹೊಳೆಗೆ ಬಿದ್ದ ನೇರಳೆಹಣ್ಣು, ಅತ್ತಿಹಣ್ಣು, ಏಡಿ, ಕಪ್ಪೆಚಿಪ್ಪು, ಸಣ್ಣಮೀನು ಯಾವುದನ್ನೂ ಬಿಡುವುದಿಲ್ಲ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಚಿಪ್ಪನ್ನು ಪುಡಿ ಮಾಡುವ ಆ ಗಂಟಲಿಗೆ ಸಿಕ್ಕಿ ಉಕ್ಕಿನ ಗಾಳಗಳು ಚಪ್ಪಟೆಯಾಗಿ ಬಂದದ್ದಿದೆ. ಈ ಮಡುಗಳಲ್ಲಿ ಮೊಸಳೆಯೂ ಇದೆ, ಸುಳಿಯೂ ಇದೆ. ನೀರು ನಿಂತಂತೆ ಕಾಣುತ್ತದೆಂದು ಈಜಲು ಇಳಿಯುವ ಪೇಟೆಯ ಹುಡುಗರು ಸಂಗಮ, ಮೇಕೆದಾಟುಗಳಲ್ಲಿ ಜೀವ ಬಿಡುವುದು ಇನ್ನೂ ನಿಂತಿಲ್ಲ.

ಗಾಳಿಬೋರೆಯಲ್ಲಿ ಈಗಿರುವುದು ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ. ಮರಗಳ ಕೆಳಗೆ ಡೇರೆಮನೆಗಳು, ಹೊಳೆಗೆ ಮುಖ ಮಾಡಿದ ಬಯಲು ಊಟದ ಜಾಗ. ಸಂಜೆ ಬಿಸಿಲು ಎದುರು ದಡದ ಹನೂರು ಕಡೆಯ ಗುಡ್ಡಗಳಿಗೆ ಹತ್ತಿ ಕೆಂಪಾಗುವಾಗ ಯಜಮಾನರು ಅಡುಗೆಯವರಿಂದ ಒಂದು ಪಾತ್ರೆ ಕೇಳಿ ಪಡೆದು, ಮೂರು ಕಲ್ಲು ಹೂಡಿ ಬೆಂಕಿ ಮಾಡಿದರು. ಗಾಳ ಹಾಕುವಂತಿಲ್ಲ, ಉಂಡೆ ಎಸೆಯುವಂತೆಯೂ ಇಲ್ಲ. ಹೇಗೆ ಕಟ್ಟುತ್ತಿದ್ದರೆಂದು ತೋರಿಸುವುದಕ್ಕಷ್ಟೆ.

ಹಿಟ್ಟಿಗೆ ಹೊಳೆಯ ನೀರನ್ನೇ ಚಿಮುಕಿಸಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಬಿರುಕಿಲ್ಲದಂತೆ ಉಂಡೆ ಮಾಡಿ ಕುದಿಯುವ ನೀರಿಗೆ ಬಿಟ್ಟರು. ಉಂಡೆ ಮೊದಲು ತಳ ಸೇರಿತು, ಬೆಂದ ಮೇಲೆ ಕಪ್ಪಗೆ ಮಿನುಗುತ್ತ ಹೊರಬಂತು. ಅದನ್ನು ಬಿಸಿಯಿರುವಾಗಲೇ ಮುರಿದು ಮತ್ತೆ ನಾದಬೇಕು. ಬೆರಳು ಸುಡುತ್ತದೆ, ಆದರೆ ಆರಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. "ಒಂದ್ ಚೂರ್ ನೀರ್ ಜಾಸ್ತಿ ಆದ್ರೆ ಹೊಳೇಲಿ ಬಿಚ್ಕೊಂಡೋಯ್ತದೆ. ಗಟ್ಟಿ ಆದ್ರೆ ಮೀನು ಮೂಸೂ ನೋಡಾಕಿಲ್ಲ ಸೋಮಿ," ಎಂದರು. ಇದಕ್ಕೆ ಸೋಂಪು ಹಾಕುವವರಿದ್ದರು, ಮಸಾಲೆ ಬೆರೆಸುವವರಿದ್ದರು, ಏಡಿ ಜಜ್ಜಿ ಸೇರಿಸುವವರಿದ್ದರು. ಒಬ್ಬರ ಬೆರಕೆ ಇನ್ನೊಬ್ಬರಿಗೆ ಗೊತ್ತಾಗಬಾರದು. ಇವರ ಬೆರಕೆ ಏನೆಂದು ಕೇಳಿದ್ದಕ್ಕೆ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದರು. ಈ ವಿದ್ಯೆಗೆ ಕೆಲಸವೇ ಇಲ್ಲವಾಗಿ ಇಷ್ಟು ವರ್ಷವಾಗಿದ್ದರೂ ಗುಟ್ಟು ಗುಟ್ಟೇ.

ನಿಂಬೆಯ ಗಾತ್ರದ ಆ ಉಂಡೆಯೊಳಗೆ ಗಾಳವನ್ನು ಹುದುಗಿಸಿ, ಮೊನೆಯಷ್ಟೇ ಇಣುಕುವಂತೆ ಬಿಟ್ಟು, ದಾರಕ್ಕೆ ಸೀಸ ಸುತ್ತಿ, ಒರಲುವ ನೀರಿನ ಅಂಚಿಗೆ ಎಸೆಯುತ್ತಿದ್ದರು. ಬೆಳಗಿನ ಹೊತ್ತು ಒಂದು ಸರದಿ, ಇಳಿಹೊತ್ತು ಇನ್ನೊಂದು. ಮಧ್ಯೆ ಬರಿಯ ಕಾಯುವುದು. ಬಂಡೆ ಕಾದು ಕೂತಲ್ಲಿ ಸುಡುತ್ತದೆ. ಸಣ್ಣಮೀನುಗಳು ಉಂಡೆಯನ್ನು ಕೆರೆದು ಕೆರೆದು ದಾರ ತುಸುವೇ ನಡುಗುತ್ತದೆ. ನಡುಗಿದ್ದು ಬೆರಳಿಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಬಿಳಿಮೀನು ಹಿಡಿದರೆ ಅನುಮಾನವೇ ಇಲ್ಲ. ರೀಲು ಕನಕಪುರದ ನೂಲು ಬಿಚ್ಚುವ ಚರಕ ಹುಚ್ಚೆದ್ದ ಹಾಗೆ ಕಿರುಗುಟ್ಟಿ, ಐವತ್ತು ಗಜ, ನೂರು ಗಜ ದಾರ ಒಂದೇ ಉಸಿರಿಗೆ ಹೋಗಿರುತ್ತದೆ. ಹೋದ ದಾರ ನೀರೊಳಗಿನ ಬಂಡೆಗೆ ಸುತ್ತಿಕೊಳ್ಳುತ್ತದೆ. ಆಗ ಯಜಮಾನರ ಸರದಿ. ತೆಪ್ಪಕ್ಕೆ ಹಾರಿ, ಒಂದೇ ಹುಟ್ಟಿನಲ್ಲಿ ಅದನ್ನು ತಿರುಗಿಸಿಕೊಂಡು ದಾರದ ಬೆನ್ನುಹತ್ತಿ, ಬಂಡೆಯಿಂದ ಬಿಡಿಸಿ, ಗಾಳದವನನ್ನು ಕೂಡಿಸಿಕೊಂಡು ಹೊಳೆಯ ಇಳಿಜಾರಿಗೆ ಮೀನಿನ ಹಿಂದೆ ಹೋಗಬೇಕು. ಅರ್ಧಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ದಡಕ್ಕೆ ತಂದ ಮೀನನ್ನು ಕೊಲ್ಲುವಂತಿಲ್ಲ. ಬಾಯಿಗೆ ಹಗ್ಗ ಹಾಕಿ, ಹರಿವ ನೀರಲ್ಲೇ ನಿಲ್ಲಿಸಿ, ಉಸಿರು ಸುಧಾರಿಸಿದ ಮೇಲೆ ತೂಗಿ, ಪಟ ತೆಗೆದು, ಎರಡೂ ಕೈಯಲ್ಲಿ ಹಿಡಿದು ಬಿಟ್ಟುಬಿಡಬೇಕು. ಅಂಗೈಯಗಲದ ಹುರುಪೆಯ ಮೇಲೆ ಕೈಯಿಟ್ಟದ್ದನ್ನು ಹೇಳುವಾಗ ಯಜಮಾನರು ಅಂಗೈ ಬಿಡಿಸಿ ತೋರಿಸಿದರು. ಅದರಲ್ಲಿ ದಾರ ಕೊಯ್ದ ಹಳೆಯ ಗೆರೆಗಳು.

ಬೆಂಕಿಗೆ ಸೌದೆ ಒಟ್ಟುತ್ತ ಹಿಂದಿನದಕ್ಕೂ ಹೋದರು. ಗಾಳದವರು ಬರುವ ಮೊದಲು ಈ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದುದು ಬಲೆ, ಇಲ್ಲವೆ ತೋಟೆ. "ಆಗ ಉಡುಗ್ರು ಕಣ್ ಸೋಮಿ, ಬುದ್ದಿ ಇರ್ಲಿಲ್ಲ. ಕಲ್ಲು ಒಡಿಯೋ ಮದ್ದು ಅಂಗೇ ಸಿಕ್ಕೋದು. ಬತ್ತಿ ಅಚ್ಚಿ ಮಡಕ್ಕೆ ಬಿಟ್ರೆ ಆಯ್ತು." ಒಂದು ತೋಟೆಗೆ ಮಡುವಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಎತ್ತಿಕೊಂಡದ್ದು ಒಂದು ಪಾಲಾದರೆ ತಳದಲ್ಲಿ ಕೊಳೆತದ್ದು ಮೂರು ಪಾಲು. ಹಾಗೆ ತೋಟೆ ಹಾಕಿದ ಕೈಗಳೇ ಮುಂದೆ ಸಂಬಳಕ್ಕೆ ಹುಟ್ಟು ಹಿಡಿದು, ರಾತ್ರಿ ತೋಟೆ ಸದ್ದು ಕೇಳಿದರೆ ಟಾರ್ಚು ಹಿಡಿದು ಓಡಿದವು. ಬದುಕಿರುವ ಮೀನಿನಿಂದ ವರ್ಷವಿಡೀ ಸಂಬಳ ಹುಟ್ಟುತ್ತದೆಂದು ಗೊತ್ತಾದದ್ದೇ ಕಾರಣ, ಬೇರೆ ಯಾವ ಉಪದೇಶವೂ ಅಲ್ಲ.

ಇಂಗ್ಲಿಷಿನವರ ಮೀನುಮೋಹದ ಕತೆ ಇನ್ನೂ ಹಳೆಯದು. ಮದರಾಸು ಪ್ರಾಂತದ ಅಧಿಕಾರಿ ಎಚ್.ಎಸ್. ಥಾಮಸ್ ಈ ನಾಡಿನ ಗಾಳಗಾರಿಕೆಯ ಬಗ್ಗೆ ಪುಸ್ತಕ ಬರೆದದ್ದು 1873ರಲ್ಲಿ. ಅವರ ಊರಿನ ಆಟವೆಂದರೆ ಟ್ರೌಟ್. ತಣ್ಣೀರಿನ ತೊರೆ, ಹಗುರ ಕೋಲು, ಹಕ್ಕಿಪುಕ್ಕವನ್ನು ನೊಣದಂತೆ ಕಟ್ಟಿದ ಗಾಳ. ಅದಿಲ್ಲದೆ ಇರಲಾರದವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನೀಲಗಿರಿಯ ತೊರೆಗಳಿಗೆ ಟ್ರೌಟನ್ನೇ ತಂದು ಬಿಟ್ಟರು. ಎಚ್.ಸಿ. ವಿಲ್ಸನ್ ಎಂಬಾತ ಅದನ್ನು ಅಲ್ಲಿ ನೆಲೆಗೊಳಿಸಿದ. ಆದರೆ ದೊಡ್ಡ ಮೀನಿನ ಗೀಳಿದ್ದವರು ಬಯಲಿಗೇ ಇಳಿದರು. ಪುಕ್ಕದ ಗಾಳಕ್ಕೂ ಬಿಳಿಮೀನು ಬಾಯಿ ಹಾಕುವುದುಂಟು. ಯಜಮಾನರ ಕಣ್ಣಲ್ಲಿ ಮಾತ್ರ ಅದು ಹುಡುಗಾಟ, ರಾಗಿಯ ಮುಂದೆ ಪುಕ್ಕದ ಆಟ ನಡೆಯುವುದಿಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್, ಸತ್ತ ಹುಲಿಗಳ ತೊಗಲಿಗೆ ಮತ್ತೆ ಜೀವ ಬರಿಸುತ್ತಿದ್ದ ಆ ಹೆಸರಾಂತ ಮನೆತನದವರು, ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು. ಅಂದರೆ 54 ಕಿಲೊ ಚಿಲ್ಲರೆ. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಬಹುಕಾಲ ಅದನ್ನು ಮೀರಿಸಿದ್ದಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಈ ಆಟವೂ ಮರೆತುಹೋಗಿ, ದೊಡ್ಡ ಮಹಶೀರ್ ತೀರಿಹೋಯಿತೆಂದೇ ಹೊರಗಿನವರು ತಿಳಿದಿದ್ದರು. 1977ರಲ್ಲಿ ಮೂವರು ಇಂಗ್ಲಿಷ್ ತರುಣರು ಹುಡುಕಿಕೊಂಡು ಕಾವೇರಿಗೆ ಬಂದರು. ಮರುವರ್ಷ ಅವರಿಗೆ 92 ಪೌಂಡಿನದು ಸಿಕ್ಕಿತು. ಸುದ್ದಿ ಹಬ್ಬಿ, ಭೀಮೇಶ್ವರಿಯಲ್ಲಿ, ಆಮೇಲೆ ಗಾಳಿಬೋರೆ, ದೊಡ್ಡಮಕ್ಕಳ್ಳಿಗಳಲ್ಲಿ ಶಿಬಿರಗಳಾದವು.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಬೆಂದ ಉಂಡೆಗಳಲ್ಲಿ ಒಂದನ್ನು ಯಜಮಾನರು ಸಾರಿಗೆ ಅದ್ದಿಕೊಂಡು ತಿಂದರು, ಎಲ್ಲರಿಗೂ ನಗು. ಊಟವಾದ ಮೇಲೆ ದೀಪ ಆರಿಸಿ ಕೂತರೆ ಕತ್ತಲೆಗೆ ಕಿವಿ ಹೊಂದಿಕೊಳ್ಳುತ್ತದೆ. ಎದುರು ದಡದಲ್ಲಿ ಬಿದಿರು ಮುರಿಯುವ ಸದ್ದು, ಸ್ವಲ್ಪ ಹೊತ್ತಿಗೆ ನೀರನ್ನು ತುಳಿದು ಬರುವ ಭಾರದ ಹೆಜ್ಜೆಗಳು. ಆನೆಗಳು ಹೊಳೆ ದಾಟುತ್ತಿವೆ. ಮತ್ತಿಮರದಿಂದ ಮೀನುಗೂಬೆ ಹೂಂಕರಿಸುತ್ತದೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಹೊಳೆಯ ಸದ್ದು ನಡುರಾತ್ರಿಯಲ್ಲೇ ಬದಲಾಗುತ್ತದಂತೆ, ಮಲಗಿದ್ದವರಿಗೂ ಗೊತ್ತಾಗುತ್ತದಂತೆ. ಈ ಹೊಳೆ ತನ್ನಿಷ್ಟಕ್ಕೆ ಏರಿ ಇಳಿದ ಕಾಲದ ಕೊನೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಶುರುವಾಗಿ, 1931ರ ಹೊತ್ತಿಗೆ ಕೃಷ್ಣರಾಜಸಾಗರದೊಂದಿಗೆ ಪೂರ್ತಿಯಾಗಿತ್ತು. ನಾವು ಕೂತಿರುವ ದಂಡೆಯ ಕೆಳಭಾಗದಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಮೇಕೆದಾಟು ಯೋಜನೆಯ ನಕ್ಷೆಯೂ ಇದೆ. ಆ ಮಾತು ಬಂದಾಗ ಬೆಂಗಳೂರಿಗೆ ನೀರು ಬೇಕೆನ್ನುವವರು, ಕಾಡು ಮುಳುಗುತ್ತದೆನ್ನುವವರು ಎರಡೂ ಕಡೆಯವರು ಬೆಂಕಿಯ ಸುತ್ತ ಇದ್ದರು. ಮೀನಿನ ಸುದ್ದಿ ಯಾರೂ ಎತ್ತಲಿಲ್ಲ.

ಬೆಳಗು ಹರಿಯುವ ಮೊದಲೇ ನೀರಿನ ಮೇಲೆ ತೆಳು ಮಂಜು ಎದ್ದು, ಬಂಡೆಗಳು ತೇಲಿದಂತೆ ಕಾಣುತ್ತಿದ್ದವು. ನೀರುಕಾಗೆ ರೆಕ್ಕೆ ಹರವಿ ಕೂತಿತ್ತು. ಕೆಳಗಿನ ಮಡುವಿನಲ್ಲಿ ನೀರುನಾಯಿಗಳ ಒಂದು ಕುಟುಂಬ ತಲೆಯೆತ್ತಿ ನಮ್ಮನ್ನು ನೋಡಿ, ಸಿಳ್ಳೆ ಹಾಕಿ, ಮುಳುಗಿತು. ಅವು ಹೋದ ಸ್ವಲ್ಪ ಹೊತ್ತಿಗೆ ಕಲ್ಲುಹಾಸಿನ ಅಂಚಿನಲ್ಲಿ ನೀರು ಉಬ್ಬಿ, ಅಗಲವಾದ ಬಾಲವೊಂದು ಮಗುಚಿ ಒಳಗೆ ಹೋಯಿತು. ಹಿತ್ತಾಳೆಯ ಬಣ್ಣ ಒಂದು ಕ್ಷಣ ಮಿಂಚಿತು. ಯಜಮಾನರು ಎದ್ದು ನಿಂತಿದ್ದರು. ನಮಗೆ ಸಂಭ್ರಮ, ಅವರ ಮುಖದಲ್ಲಿ ಅದೇನಿಲ್ಲ. "ನೀಲಿ ಕಣ್ ಸೋಮಿ. ಕೆಂಪಂದಾಗಿದ್ರೆ ಬಾಲ ತಿರುಗ್ಸಿದಾಗ್ಲೇ ಗೊತ್ತಾಗೋದು," ಎಂದು ಕೂತರು.

ಅವರ ಆ ಮಾತಿನಲ್ಲಿ ಈ ಹೊಳೆಯ ನಲವತ್ತು ವರ್ಷಗಳ ಚರಿತ್ರೆಯಿದೆ. ಕಾವೇರಿಯ ಸ್ವಂತ ಬಿಳಿಮೀನಿಗೆ ಬೆನ್ನು ಗೂನು, ಈಜುರೆಕ್ಕೆ ಕಿತ್ತಳೆ. ಐವತ್ತು ಕಿಲೊ ತೂಗುವುದು ಅದೇ. ನೀಲಿ ರೆಕ್ಕೆಯದು ಉತ್ತರದ ಕೃಷ್ಣೆಯ ಕಡೆಯದು. ಅದನ್ನು ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಮುಳಾ-ಮುಠಾ ನದಿಯಲ್ಲಿ ಕಂಡು 1839ರಲ್ಲೇ ಹೆಸರಿಟ್ಟಿದ್ದ. ಮಹಶೀರ್ ಕಡಿಮೆಯಾಗುತ್ತಿದೆ, ಹೆಚ್ಚಿಸೋಣ ಎಂಬ ಒಳ್ಳೆಯ ಮನಸ್ಸಿನಿಂದ, 1970ರ ದಶಕದಿಂದ ಈಚೆಗೆ ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಹೊಳೆಯಲ್ಲಿ ಮಹಶೀರ್ ಹೆಚ್ಚಿತು, ನಿಜ. ಹೆಚ್ಚಿದ್ದು ಯಾವ ಮಹಶೀರ್ ಎಂದು ಯಾರೂ ನೋಡಲಿಲ್ಲ.

ನೋಡಿದ್ದು ಗಾಳದವರ ಲೆಕ್ಕದ ಪುಸ್ತಕ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಹೊತ್ತು ಕೂತರು, ಯಾವ ಮೀನು, ಎಷ್ಟು ತೂಕ ಎಂದು ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು 2015ರಲ್ಲಿ ಅದನ್ನು ತೆರೆದು ಓದಿದಾಗ, ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ತುಂಬುತ್ತ, ಕಿತ್ತಳೆ ರೆಕ್ಕೆಯದು ಕುಸಿಯುತ್ತ ಹೋದದ್ದು ಎದ್ದು ಕಂಡಿತು. ಸಣ್ಣ ಗೂನುಬೆನ್ನಿಗಳು ಸಿಗುವುದೇ ಅಪರೂಪವಾಗಿ, ಸಿಕ್ಕವೆಲ್ಲ ಹಳೆಯ ದೊಡ್ಡವು. ಅಂದರೆ ಮರಿಗಳು ಉಳಿಯುತ್ತಿರಲಿಲ್ಲ. ಇಷ್ಟು ಹೆಸರಾದ ಮೀನಿಗೆ ಅಲ್ಲಿಯವರೆಗೂ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲವೆಂದರೆ ನಂಬುವುದು ಕಷ್ಟ. ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ಕೆಲವು ವರ್ಷಗಳ ಹಿಂದೆಯೇ ಟೋರ್ ರೆಮಾದೇವಿಐ ಎಂದು ಹೆಸರಿಟ್ಟಿದ್ದ ಮೀನೇ ಕಾವೇರಿಯ ಗೂನುಬೆನ್ನಿ ಎಂದು ತಿಳಿದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ತೀವ್ರ ಅಳಿವಿನಂಚಿನ ಜೀವಿ ಎಂದು ಸಾರಿತು. ಹೆಸರು ಮತ್ತು ಮರಣಭಯ ಎರಡೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಇಲ್ಲಿ ಗಾಳ ನಿಂತಿತ್ತು. ಅಭಯಾರಣ್ಯದೊಳಗೆ ಹಿಡಿದು ಬಿಡುವುದೂ ಬೇಟೆಯೇ ಎಂಬ ಕಾನೂನಿನ ಓದಿನಂತೆ 2012ರ ಹೊತ್ತಿಗೆ ಗಾಳದ ಶಿಬಿರಗಳು ಬಾಗಿಲು ಹಾಕಿದವು. ಕಾನೂನನ್ನು ನಾನು ತಪ್ಪೆನ್ನುವುದಿಲ್ಲ. ಬಾಯಿಗೆ ಉಕ್ಕು ಚುಚ್ಚಿಸಿಕೊಂಡು ಎರಡು ಗಂಟೆ ಒದ್ದಾಡುವುದು ಮೀನಿಗೆ ಆಟವಲ್ಲ. ಆದರೆ ಗಾಳದ ಜೊತೆಗೆ ಮಡುವಿನ ಮೇಲೆ ಹಗಲಿಡೀ ನೆಟ್ಟಿದ್ದ ಕಣ್ಣುಗಳೂ ಹೋದವು, ಲೆಕ್ಕದ ಪುಸ್ತಕವೂ ಮುಚ್ಚಿತು. ತೆಪ್ಪ ಹಾಕುತ್ತಿದ್ದವರಲ್ಲಿ ಹಲವರು ಮತ್ತೆ ಕೂಲಿಗೆ, ಕಲ್ಲುಕೋರೆಗೆ ಹೋದರು. ತೋಟೆಯ ಸದ್ದು ಈಗಲೂ ಕೆಲವು ರಾತ್ರಿ ಕೇಳುತ್ತದೆ ಎನ್ನುತ್ತಾರೆ ಯಜಮಾನರು, ಓಡಿಹೋಗುವವರು ಯಾರೂ ಇಲ್ಲ.

ವಿಜ್ಞಾನಿಗಳಿಗೆ ಕಿತ್ತಳೆ ರೆಕ್ಕೆಯ ಬಿಳಿಮೀನು ಕೈಗೆ ಸಿಕ್ಕಿದ್ದು ಕಾವೇರಿಯಲ್ಲಲ್ಲ, ನೀಲಗಿರಿಯಿಂದಿಳಿದು ಭವಾನಿಗೆ ಸೇರುವ ಮೋಯಾರ್ ಹೊಳೆಯಲ್ಲಿ. ಅಲ್ಲಿಗಾದರೂ ಹೊರಗಿನ ಮಹಶೀರ್ ಮರಿಗಳನ್ನು ಯಾರೂ ಬಿಡಬಾರದು. ಕಾವೇರಿಗೆ ಮರಿ ಬಿಡುವುದಿದ್ದರೆ ಕಿತ್ತಳೆ ರೆಕ್ಕೆಯದನ್ನೇ ಬೆಳೆಸಿ ಬಿಡಬೇಕು. ಉಂಡೆ ಕಟ್ಟಲು, ತೆಪ್ಪ ಹಾಕಲು, ಬಾಲ ನೋಡಿ ಮೀನಿನ ಜಾತಿ ಹೇಳಲು ಬರುವ ಈ ಮುದುಕರು ಇರುವಾಗಲೇ ಅವರ ಮಕ್ಕಳನ್ನು, ಗಾಳವಿಲ್ಲದೆ, ಸಂಬಳ ಕೊಟ್ಟು ಹೊಳೆಯ ಕಾವಲಿಗೆ ಸೇರಿಸಿಕೊಳ್ಳಬೇಕು.